ನಮ್ಮಪ್ಪನಿಗೆ 61 ವರ್ಷ, ಎ.ಎಲ್.ಎಸ್. (ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಕಾಯಿಲೆ) ಇದೆ, ಕಿವಿ ಚೆನ್ನಾಗಿದೆ. ಈ ಕಾಯಿಲೆ ಇರುವವರ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ತೆಳುವಾಗುತ್ತದಂತೆ. ಅಪ್ಪನಿಗೆ ಓಸಿಟಿ (ರೆಟಿನಾದ ಪದರಗಳ ದಪ್ಪ ಅಳೆಯುವ ಸ್ಕ್ಯಾನ್) ಮಾಡಿಸಬೇಕೇ? ಮುಂದೆ ಕಣ್ಣೂ ಹೋಗಿಬಿಡುತ್ತದಾ?

ಎ.ಎಲ್.ಎಸ್. ಒಂದರಿಂದಲೇ ದೃಷ್ಟಿ ಹೋಗುವುದಿಲ್ಲ, ಆ ಭಯ ಬಿಡಿ. ಬರೀ ಈ ಕಾರಣಕ್ಕೆ ಓಸಿಟಿ ಮಾಡಿಸುವ ಅಗತ್ಯವೂ ಇಲ್ಲ. ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ತಪಾಸಣೆ ಮಾಡುವವಳು, ದಿನವಿಡೀ ಆ ಮಷೀನಿನ ಮುಂದೆಯೇ ಕೂತಿರುವವಳು.

ನೀವು ಓದಿದ್ದು ಸುಳ್ಳಲ್ಲ. ರೆಟಿನಾ ಮೆದುಳಿನಿಂದಲೇ ಮೂಡಿದ ಅಂಗಾಂಶ. ಹಾಗಾಗಿ ನರಕೋಶ ಸಾಯುವ ಕಾಯಿಲೆಯ ಗುರುತು ಅಲ್ಲಿ ಸಿಗಬಹುದೇ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಕೆಲವು ತಂಡಗಳಿಗೆ ಒಳಪದರಗಳು ತುಸು ತೆಳುವಾಗಿರುವುದು ಕಂಡಿದೆ, ಇನ್ನು ಕೆಲವರಿಗೆ ಏನೂ ವ್ಯತ್ಯಾಸ ಸಿಕ್ಕಿಲ್ಲ. ಸಿ9ಓಆರ್‌ಎಫ್72 ಎಂಬ ಜೀನ್ ದೋಷವಿದ್ದ ಎ.ಎಲ್.ಎಸ್. ರೋಗಿಯೊಬ್ಬರ ಕಣ್ಣನ್ನು ಮರಣಾನಂತರ ಪರೀಕ್ಷಿಸಿದಾಗ, ಮೆದುಳಿನಲ್ಲಿ ಸಿಗುವಂಥ ಪ್ರೋಟೀನ್ ಗಂಟುಗಳು ರೆಟಿನಾದಲ್ಲೂ ಕಂಡಿದ್ದವು. 2014ರಲ್ಲಿ ಅದು ವರದಿಯಾಯಿತು.

ಆದರೆ ಈ "ತೆಳು" ಎಷ್ಟರದು? ರೆಟಿನಾದ ಒಳಪದರಗಳಲ್ಲೊಂದಾದ ನರತಂತು ಪದರದ ಸರಾಸರಿ ದಪ್ಪವೇ ಸುಮಾರು 100 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಅದರಲ್ಲಿ ಕೆಲವೇ ಮೈಕ್ರಾನ್ ವ್ಯತ್ಯಾಸದ ಮಾತು ಇದು. ವಯಸ್ಸು, ಗ್ಲಾಕೋಮಾ, ಶುಗರ್, ದೊಡ್ಡ ಮೈನಸ್ ನಂಬರ್ ಎಲ್ಲವೂ ಅದೇ ಪದರವನ್ನು ತೆಳುವಾಗಿ ತೋರಿಸುತ್ತವೆ. ಇನ್ನು ಸ್ಕ್ಯಾನಿನ ಪಾಡು ಕೇಳಿ. ಕತ್ತು ನಿಲ್ಲದವರು ಗಲ್ಲ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ ಕೂರಬೇಕು. ಹಿಂದಿನಿಂದ ಒಬ್ಬರು ತಲೆ ಹಿಡಿದುಕೊಂಡಿರಬೇಕು. ರೆಪ್ಪೆ ಬಡಿಯದೆ ದೀಪ ನೋಡುವಷ್ಟರಲ್ಲಿ ಕಣ್ಣು ಒಣಗಿ ಚಿತ್ರ ಮಸುಕಾಗುತ್ತದೆ. ಸಿಗ್ನಲ್ ಕಡಿಮೆಯಾದರೆ ಸಾಫ್ಟ್‌ವೇರ್ ಇದ್ದ ದಪ್ಪವನ್ನೂ ಕಡಿಮೆಯೆಂದೇ ಅಳೆಯುತ್ತದೆ! "ತೆಳು" ಎಂದು ಕೆಂಪು ಬಣ್ಣದಲ್ಲಿ ತೋರಿಸುವ ಆ ರಿಪೋರ್ಟ್ ಹಿಡಿದು ಮನೆಯವರು ರಾತ್ರಿ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಒಂದು ಅಪವಾದ ಹೇಳಲೇಬೇಕು. ದಕ್ಷಿಣ ಭಾರತದಲ್ಲಿ ಚಿಕ್ಕವಯಸ್ಸಿನವರಿಗೆ ಬರುವ ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ ಎಂಬುದೊಂದಿದೆ. 1970ರಲ್ಲಿ ಮದ್ರಾಸಿನ ವೈದ್ಯರು ಮೊದಲು ವಿವರಿಸಿದ್ದು, ಆಮೇಲೆ ನಮ್ಮ ನಿಮ್ಹಾನ್ಸ್‌ನವರೂ ಅದರ ಬಗ್ಗೆ ಬರೆದಿದ್ದಾರೆ. ಅದರಲ್ಲಿ ಕಿವಿ ಮಂದವಾಗುತ್ತದೆ, ಅದರದೇ ಒಂದು ಬಗೆಯಲ್ಲಿ ಕಣ್ಣಿನ ನರವೂ ಸೊರಗುತ್ತದೆ. ನಿಮ್ಮ ತಂದೆಗೆ 61 ಎಂದಿದ್ದೀರಿ, ಕಿವಿ ಚೆನ್ನಾಗಿದೆ ಎಂದಿದ್ದೀರಿ. ಇದು ಅವರ ಕಥೆಯಲ್ಲ.

ದೃಷ್ಟಿ ಮಂಜಾಗಿದೆ ಎಂದು ಅವರು ಈಗಲೇ ಹೇಳುತ್ತಿದ್ದರೆ ಮೊದಲು ಔಷಧಿಚೀಟಿ ನೋಡಿ. ಜೊಲ್ಲು ಕಡಿಮೆಯಾಗಲು ಕೊಡುವ ಅಮಿಟ್ರಿಪ್ಟಿಲಿನ್, ಗ್ಲೈಕೋಪೈರೋಲೇಟ್‌ನಂಥವು ಕಣ್ಣೀರನ್ನೂ ಒಣಗಿಸುತ್ತವೆ, ಹತ್ತಿರದ್ದನ್ನು ಮಸುಕು ಮಾಡುತ್ತವೆ. ರಾತ್ರಿ ಬೈಪ್ಯಾಪ್ (ಮಾಸ್ಕಿನ ಮೂಲಕ ಉಸಿರಿಗೆ ನೆರವಾಗುವ ಯಂತ್ರ) ಹಾಕುತ್ತಿದ್ದರೆ ಮಾಸ್ಕಿನ ಮೇಲ್ಗಡೆಯಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿದೆಯೇ ಎಂದು ಕೈ ಇಟ್ಟು ನೋಡಿ. ಬೆಳಗ್ಗೆ ಕಣ್ಣು ಕೆಂಪಾಗುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಡ್ರಾಪ್ಸ್ ಬಗ್ಗೆ ಡಾಕ್ಟರನ್ನು ಕೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಒಂದು ವಸ್ತು ಎರಡಾಗಿ ಕಾಣುವುದು, ಸಂಜೆಗೆ ರೆಪ್ಪೆ ಜೋಲುವುದು ಶುರುವಾದರೆ ನ್ಯೂರಾಲಜಿಸ್ಟ್‌ಗೆ ತಕ್ಷಣ ತಿಳಿಸಿ. ಅದು ಎ.ಎಲ್.ಎಸ್.ನ ಲಕ್ಷಣವಲ್ಲ, ಮಯಸ್ತೀನಿಯಾ ಎಂಬ, ಸ್ನಾಯು ಬೇಗ ದಣಿಯುವ ಬೇರೆ ಕಾಯಿಲೆ ಇರಬಹುದು, ಅದಕ್ಕೆ ಮದ್ದಿದೆ.

ಕಣ್ಣುಗುಡ್ಡೆ ಆಡಿಸುವ ನರಕೋಶಗಳು ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಹುಕಾಲ ಉಳಿಯುತ್ತವೆ. ಕೈ, ಮಾತು ಎರಡೂ ನಿಂತ ಮೇಲೂ ಕಣ್ಣಿನಿಂದಲೇ ಅಕ್ಷರ ಆರಿಸಿ ಹೇಳಬಹುದು. ಓಸಿಟಿಗೆ ಇಟ್ಟ ದುಡ್ಡಿನಲ್ಲಿ ಈಗಲೇ ಕನ್ನಡಕ, ಪೊರೆ ಎರಡನ್ನೂ ತಪಾಸಣೆ ಮಾಡಿಸಿ. ಮುಂದೆ ಐ ಟ್ರ್ಯಾಕರ್ (ಕಣ್ಣಿನ ಚಲನೆ ಗುರುತಿಸಿ ಪರದೆಯ ಮೇಲೆ ಅಕ್ಷರ ಆರಿಸುವ ಸಾಧನ) ಕೊಳ್ಳುವುದಾದರೆ ಬೈಫೋಕಲ್ ಗಾಜು ತೊಡಕು. ಪರದೆಯ ದೂರಕ್ಕೆ, ಅಂದರೆ ಸುಮಾರು 60 ಸೆಂ.ಮೀ.ಗೆ, ಒಂದೇ ನಂಬರಿನ ಬೇರೆ ಕನ್ನಡಕ ಬರೆದುಕೊಡಿ ಎಂದು ಕೇಳಿ.