ಫ್ಯಾಂಟಸಿ ಸಿನಿಮಾದಲ್ಲಿ ನಿರ್ದೇಶನ, ನಟನೆ, ಗ್ರಾಫಿಕ್ಸ್: ಯಾವುದಕ್ಕೆ ಎಷ್ಟು ಮಾರ್ಕು?

ನೀವು ಕಳಿಸಿದ ಪಟ್ಟಿಯಲ್ಲಿ ಲಾರ್ಡ್ ಆಫ್ ದ ರಿಂಗ್ಸ್, ಹ್ಯಾರಿ ಪಾಟರ್, ಬಾಹುಬಲಿ ಮೂರಕ್ಕೂ ನಿರ್ದೇಶನ, ನಟನೆ, ಗ್ರಾಫಿಕ್ಸ್ ಅಂತ ಹತ್ತರಲ್ಲಿ ಮಾರ್ಕು ಹಾಕಿದ್ದೀರಿ. ಮೂರಕ್ಕೂ ಗ್ರಾಫಿಕ್ಸ್‌ನಲ್ಲೇ ಜಾಸ್ತಿ. ಆಮೇಲೆ ಅಸಲಿ ಪ್ರಶ್ನೆ: ಮಣಿಪಾಲದ ಗೆಳೆಯರು ಸೇರಿ ಫ್ಯಾಂಟಸಿ ಕಿರುಚಿತ್ರ ಮಾಡಬೇಕು, ಕೈಯಲ್ಲಿ ಒಂದೂವರೆ ಲಕ್ಷ ಉಂಟು, ಅದರಲ್ಲಿ ಒಂದು ಲಕ್ಷ ಗ್ರಾಫಿಕ್ಸ್‌ಗೆ ಇಡಬಹುದಾ ಅಂತ. ಬೇಡ ಮಾರಾಯ್ರೇ. ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು ನಾನು.

ನಾವು ಮಾಡಿದ್ದು ಮಂಗಳೂರಿನಲ್ಲಿ. ಕಡಲಿನಿಂದ ಎದ್ದು ಬರುವ ಪ್ರಾಣಿಯ ಜತೆ ಒಬ್ಬ ಮುದಿ ಯೋಧ ಸೆಣಸುವ ಕಥೆ. ಮೊದಲು ಅದು ಹಾವಾಗಿತ್ತು. ನಾಗನ ತಂಟೆಗೆ ಹೋಗಬೇಡಿ ಅಂತ ಅಮ್ಮ ಬೈದದ್ದಕ್ಕೆ ಉದ್ದ ಕುತ್ತಿಗೆಯ ಮೊಸಳೆ ಮಾಡಿದೆವು. ಯೋಧನ ಪಾತ್ರಕ್ಕೆ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡಿ ಹೆಸರು ಗಳಿಸಿದ್ದ ಶೆಟ್ರು ಒಪ್ಪಿದರು. ಶೂಟಿಂಗ್ ನಡೆದದ್ದು ಮುಚ್ಚಿ ಹೋದ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ. ಹಿಂದೆ ಹಸಿರು ಬಟ್ಟೆ ಕಟ್ಟಿದ್ದೆವು, ಆಮೇಲೆ ಕಂಪ್ಯೂಟರಿನಲ್ಲಿ ಆ ಹಸಿರು ತೆಗೆದು ಕಡಲು ಕೂರಿಸಲಿಕ್ಕೆ.

ವೇಷ ಕಟ್ಟಿ ನಿಂತ ಶೆಟ್ರು ಮೊದಲು ಕೇಳಿದ ಮಾತು, "ಎದುರು ಯಾರು ನಿಲ್ಲುವುದು?"

"ಯಾರೂ ಇಲ್ಲ ಶೆಟ್ರೇ, ಆಮೇಲೆ ಕಂಪ್ಯೂಟರಿನಲ್ಲಿ ಬರುತ್ತದೆ."

"ಎಷ್ಟು ದೊಡ್ಡದು?"

"ದೊಡ್ಡದೇ."

"ಹಾಗಾದ್ರೆ ನಾನು ಎಲ್ಲಿ ನೋಡಲಿ?"

ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು. "ಅಲ್ಲಿ ನೋಡಿ" ಅಂದೆ. ನನ್ನ ಸಿನಿಮಾ ಹಾಳಾದದ್ದು ಆ ಒಂದು ಮಾತಿನಲ್ಲಿ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಶೂಟಿಂಗ್ ಮುಗಿದ ಮೇಲೆ ಗ್ರಾಫಿಕ್ಸ್ ಹುಡುಗ ಮೊಸಳೆ ಮಾಡಿದ. ಚೆನ್ನಾಗಿಯೇ ಮಾಡಿದ. ಅದು ತಲೆ ತಗ್ಗಿಸಿ, ಯೋಧನ ಎದೆಮಟ್ಟಕ್ಕೆ ಬಂದು ಉಸಿರು ಬಿಟ್ಟರೆ ಭಯಂಕರವಾಗಿ ಕಾಣುತ್ತಿತ್ತು. ಆದರೆ ಶೆಟ್ರು ನೋಡುತ್ತಿರುವುದು ಅದರ ತಲೆಯ ಮೇಲಿಂದ ಎಲ್ಲೋ ಆಕಾಶಕ್ಕೆ. ಸರಿ, ಕುತ್ತಿಗೆ ಎತ್ತರ ಮಾಡು ಅಂದೆ. ಎತ್ತರ ಮಾಡಿದ. ಈಗ ನೋಟ ಕೂಡಿತು, ಕತ್ತಿ ಕೂಡಲಿಲ್ಲ. ಕುತ್ತಿಗೆಗೆ ಬೀಸಿದ ಕತ್ತಿ ಹೊಟ್ಟೆಯ ಹತ್ತಿರ ಗಾಳಿಯಲ್ಲಿ ಹೋಯಿತು. ಪ್ರಾಣಿಯನ್ನು ಹಿಂದೆ ಸರಿಸಿದರೆ ಕತ್ತಿ ತಾಗುವುದೇ ಇಲ್ಲ. ಮುಂದೆ ತಂದರೆ ಇನ್ನೊಂದು ತೊಂದರೆ: ದೂರದ ಹಂಚು ನೋಡುವವನ ಕಣ್ಣುಗುಡ್ಡೆಗೂ, ಆರಡಿ ಎದುರಿನ ಬಾಯಿ ನೋಡುವವನ ಕಣ್ಣುಗುಡ್ಡೆಗೂ ವ್ಯತ್ಯಾಸ ಉಂಟು. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಒಳಕ್ಕೆ ಸರಿಯುತ್ತವೆ. ಕ್ಲೋಸಪ್‌ನಲ್ಲಿ ಅದು ಸಣ್ಣ ಮಗುವಿಗೂ ಗೊತ್ತಾಗುತ್ತದೆ. ಯಾಕೆ ಅಂತ ಹೇಳಲಿಕ್ಕೆ ಬರುವುದಿಲ್ಲ, "ಎಂತದೋ ಸುಳ್ಳು" ಅನ್ನುತ್ತದೆ ಅಷ್ಟೆ.

ಅದು ಸಾಲದು ಅಂತ ವೇಷ. ಎದೆಪದಕ, ಭುಜಕೀರ್ತಿಯಲ್ಲೆಲ್ಲ ಸಣ್ಣ ಸಣ್ಣ ಕನ್ನಡಿ ಚೂರು. ಪ್ರತಿ ಚೂರಿನಲ್ಲೂ ನಮ್ಮ ಹಸಿರು ಬಟ್ಟೆ. ಕಂಪ್ಯೂಟರಿನಲ್ಲಿ ಹಸಿರು ತೆಗೆದಾಗ ಶೆಟ್ರ ಎದೆಯಲ್ಲಿ ತೂತು ಬಿದ್ದು ಹಿಂದಿನ ಕಡಲು ಕಾಣಿಸಿತು. ಆ ಕಡಲನ್ನು ನಾವು ಕಾಪುವಿನಲ್ಲಿ ಸಂಜೆ ತೆಗೆದದ್ದು, ಬಿಸಿಲು ಬದಿಯಿಂದ. ಶೆಡ್ಡಿನಲ್ಲಿ ಬೆಳಕು ನೆತ್ತಿಯಿಂದ. ಉಳಿದ ಹಣವೆಲ್ಲ ಆ ತೂತು ಮುಚ್ಚುವುದರಲ್ಲೇ ಮುಗಿಯಿತು. ಶೆಟ್ರು ಒಮ್ಮೆ ನೋಡಿ ಏನೂ ಹೇಳಲಿಲ್ಲ, ಚಹಾ ಕುಡಿದು ಎದ್ದು ಹೋದರು. ಅವರ ಕೈಯಲ್ಲಿ ಎಂಥ ಅಭಿನಯ ಉಂಟು ಅಂತ ಚೌಕಿಯ (ಮೇಳದವರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಹತ್ತಿರ ಸುಳಿದಾಡಿದ ಯಾರಿಗಾದರೂ ಗೊತ್ತು. ನನ್ನ ಸಿನಿಮಾದಲ್ಲಿ ಅವರು ದಾರಿ ತಪ್ಪಿದವರ ಹಾಗೆ ಕಾಣುತ್ತಾರೆ.

ಈಗ ಹೇಳಿ, ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಎಲ್ಲಿ ಮಾರ್ಕು ಕಡಿಮೆ ಮಾಡುತ್ತೀರಿ? ನೋಡಿದವರೆಲ್ಲ ಗ್ರಾಫಿಕ್ಸ್ ಸರಿ ಇಲ್ಲ ಅಂದರು. ಕೆಲವರು ಶೆಟ್ರ ನಟನೆ ಅಂದರು. ಎರಡೂ ಅಲ್ಲ. ಪ್ರಾಣಿ ಎಷ್ಟು ಎತ್ತರ, ಎಲ್ಲಿ ನಿಲ್ಲುತ್ತದೆ ಅಂತ ನಿರ್ದೇಶಕನಿಗೇ ಗೊತ್ತಿರಲಿಲ್ಲ. ಹಾಗಾಗಿ ಮೂರು ಕಾಲಂ ಮಾಡಿದ್ದೇ ಸರಿಯಲ್ಲ ಅಂತ ನನ್ನ ವಾದ.

ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಪಾತ್ರ ಗಾಲಮ್‌ಗೆ ನೀವು ಗ್ರಾಫಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಕೊಟ್ಟಿದ್ದೀರಿ. ನಿರ್ದೇಶಕ ಪೀಟರ್ ಜಾಕ್ಸನ್ ಗಾಲಮ್ ಪಾತ್ರದ ನಟ ಆಂಡಿ ಸರ್ಕಿಸ್‌ರನ್ನು ಬರೀ ಧ್ವನಿಗೆ ಅಂತ ಸ್ಟುಡಿಯೋದಲ್ಲಿ ಕೂರಿಸಲಿಲ್ಲ. ಅವರನ್ನು ಸೆಟ್ಟಿಗೇ ತಂದು ಉಳಿದ ನಟರ ಎದುರು ಆಡಿಸಿದರು. ಆಮೇಲೆ ಗ್ರಾಫಿಕ್ಸ್ ಗಾಲಮ್ ಕೂರಿಸಲಿಕ್ಕೆ ಅಂತ ಅದೇ ದೃಶ್ಯವನ್ನು ಸರ್ಕಿಸ್ ಇಲ್ಲದೆ ಇನ್ನೊಮ್ಮೆ ತೆಗೆದರು. ಅವರ ಚಲನೆಯನ್ನು ಬೇರೆಯಾಗಿ ರೆಕಾರ್ಡ್ ಮಾಡಿದರು. ಕಥಾನಾಯಕ ಫ್ರೋಡೊ ಗಾಲಮ್‌ನ ಕಣ್ಣನ್ನೇ ನೋಡುವುದು ಯಾಕೆ ಅಷ್ಟು ನಿಜ ಅನಿಸುತ್ತದೆ? ಅಲ್ಲಿ ನಿಜವಾಗಿ ಒಬ್ಬ ಮನುಷ್ಯ ಕೂತಿದ್ದ. 2002ರಲ್ಲಿ ಬಂದ ಎರಡನೇ ಭಾಗ ಇವತ್ತು ನೋಡಿದರೂ ಗಾಲಮ್ ಹಳೆಯದು ಅನಿಸುವುದಿಲ್ಲ.

ಮೊದಲ ಭಾಗದಲ್ಲಿ ಮಾಂತ್ರಿಕ ಗಾಂಡಾಲ್ಫ್ ಮತ್ತು ಫ್ರೋಡೊ ಗಾಡಿಯಲ್ಲಿ ಒಟ್ಟಿಗೆ ಬರುವ ದೃಶ್ಯ ನೆನಪುಂಟಾ? ಒಬ್ಬ ದೊಡ್ಡ, ಒಬ್ಬ ಚಿಕ್ಕ. ಫ್ರೋಡೊ ನಿಜಕ್ಕೂ ಕೂತದ್ದು ಹಿಂದೆ, ಕ್ಯಾಮೆರಾದಿಂದ ದೂರ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ಹಾಗಾಗಿ ಪಕ್ಕದಲ್ಲಿದ್ದ ಹಾಗೆ ಕಾಣುತ್ತದೆ. ಯಾರು ಎಲ್ಲಿ ನೋಡಬೇಕು ಅಂತ ಮೊದಲೇ ಲೆಕ್ಕ ಹಾಕದೆ ಇದು ಆಗುವ ಕೆಲಸವೇ ಅಲ್ಲ.

ಅದೇ ಜಾಕ್ಸನ್ 2012ರಲ್ಲಿ ಅದೇ ಲೋಕದ ಇನ್ನೊಂದು ಕಥೆ ಹಾಬಿಟ್‌ನ ಮೊದಲ ಭಾಗ ತಂದರು. ಈ ಸಲ ತ್ರೀಡಿ. ಎರಡು ಕಣ್ಣು ಬಂದ ಮೇಲೆ ಆ ಹಳೆಯ ಉಪಾಯ ನಡೆಯುವುದಿಲ್ಲ. ಹಾಗಾಗಿ 13 ಕುಬ್ಜರು ಒಂದು ಸೆಟ್ಟಿನಲ್ಲಿ, ಗಾಂಡಾಲ್ಫ್ ಪಾತ್ರದ ಇಯಾನ್ ಮೆಕೆಲನ್ ಹಸಿರು ಸೆಟ್ಟಿನಲ್ಲಿ ಒಬ್ಬರೇ, ಎದುರಿಗೆ ಕುಬ್ಜರ ಫೋಟೋಗಳು. ಅಷ್ಟು ದೊಡ್ಡ ರಂಗಭೂಮಿ ನಟ, ಅಲ್ಲಿ ಕೂತು ಅತ್ತುಬಿಟ್ಟರು. ಅದನ್ನು ಓದಿದಾಗ ನನಗೆ ಶೆಟ್ರು ಚಹಾ ಕುಡಿದು ಹೋದದ್ದು ಅರ್ಥವಾಯಿತು. ತಂತ್ರಜ್ಞಾನ ಹೊಸದು, ಹಣಕ್ಕೆ ಕೊರತೆ ಇಲ್ಲ, ನಿರ್ದೇಶಕ ಅದೇ, ನಟ ಅದೇ. ಆದರೂ ನನಗೆ ಹಳೆಯ ಮೂರರ ಮುಂದೆ ಇದು ಸಪ್ಪೆ.

ಹ್ಯಾರಿ ಪಾಟರ್ ನಿರ್ದೇಶನಕ್ಕೆ ಒಟ್ಟಾಗಿ ಆರು ಮಾರ್ಕು ಅಂತ ಹೇಗೆ ಹಾಕಿದಿರೋ! ಎಂಟು ಸಿನಿಮಾಕ್ಕೆ ನಾಲ್ವರು ನಿರ್ದೇಶಕರು. ಮುಖ್ಯ ಮಕ್ಕಳು ಅವರೇ. 2004ರಲ್ಲಿ ಅಲ್ಫೊನ್ಸೊ ಕ್ವಾರೊನ್ ಮಾಡಿದ ಮೂರನೆಯದನ್ನು ಮೊದಲೆರಡರ ಪಕ್ಕ ಇಟ್ಟು ನೋಡಿ. ಅರ್ಧ ಹದ್ದು ಅರ್ಧ ಕುದುರೆಯಾದ ಹಿಪ್ಪೊಗ್ರಿಫ್ ಎದುರು ಹ್ಯಾರಿ ತಲೆ ಬಾಗಿಸುವಾಗ ನಾವು ನೋಡುವುದು ಹುಡುಗನ ಮುಖವನ್ನು, ರೆಕ್ಕೆಯನ್ನಲ್ಲ.

ಬಾಹುಬಲಿಯದ್ದು ಬೇರೆಯೇ ಗಮ್ಮತ್ತು. ಎರಡನೇ ಭಾಗದ ಕೊನೆಯಲ್ಲಿ ಸೈನಿಕರು ತಾಳೆಮರ ಬಗ್ಗಿಸಿ ಕೋಟೆಯೊಳಗೆ ಹಾರುತ್ತಾರಲ್ಲ, ಅದನ್ನು ಯಾವ ಗ್ರಾಫಿಕ್ಸೂ ನಂಬಿಸಲಿಕ್ಕೆ ಸಾಧ್ಯ ಇಲ್ಲ. ಆದರೂ ಟಾಕೀಸಿನಲ್ಲಿ ನಾನೂ ಶಿಳ್ಳೆ ಹಾಕಿದೆ. ರಾಜಮೌಳಿ ಅಷ್ಟು ಹೊತ್ತಿಗೆ ನಮ್ಮ ಸಿಟ್ಟನ್ನು ಆ ಕೋಟೆಯ ಮೇಲೆ ತಿರುಗಿಸಿ ಇಟ್ಟಿದ್ದರು. ಮೊದಲ ಭಾಗದಲ್ಲಿ ನೆನಪು ಉಳಿಯುವುದು ಜಲಪಾತ ಅಂತ ನೀವು ಹೇಳುತ್ತೀರಿ. ನನಗೆ ಉಳಿದದ್ದು ಮುಳುಗುತ್ತಾ ಮಗುವನ್ನು ಎತ್ತಿ ಹಿಡಿದ ರಮ್ಯಾಕೃಷ್ಣರ ಕೈ.

ಇನ್ನೂ ಸಂಶಯ ಇದ್ದರೆ ಹತ್ತಿರದಲ್ಲಿ ಎಲ್ಲಾದರೂ ಯಕ್ಷಗಾನದ ತಾಳಮದ್ದಳೆ ಇದ್ದರೆ ಹೋಗಿ ಕೂತುಕೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟ ಇಬ್ಬರು ಎದುರುಬದುರು ಕೂತು ಮಾತಾಡುತ್ತಾರೆ, ಎದುರಿನವರು ಗಟ್ಟಿ ಇದ್ದರೆ ಇವರೂ ಏರುತ್ತಾರೆ. ನಿಮ್ಮ ನಾಯಕನಿಗೂ ಬೇಕಾದ್ದು ಅಂಥ ಒಬ್ಬ ಎದುರಾಳಿ.

ನಿಮ್ಮ ದುಡ್ಡಿಗೆ ಬರುತ್ತೇನೆ. ಗ್ರಾಫಿಕ್ಸ್‌ಗೆ ನಲವತ್ತು ಸಾವಿರ ಸಾಕು, ಅದೂ ನಾಲ್ಕೈದು ಶಾಟಿಗೆ. ಪ್ರಾಣಿಯನ್ನು ಮೊದಲೇ ಕಾಗದದಲ್ಲಿ ಬರೆದು ಎತ್ತರ ಅಡಿಯಲ್ಲಿ ಗುರುತು ಹಾಕಿ. ಶೂಟಿಂಗ್‌ನಲ್ಲಿ ಅದೇ ಎತ್ತರದ ಬಿದಿರಿಗೆ ಟೆನಿಸ್ ಚೆಂಡು ಕಟ್ಟಿ ಒಬ್ಬನ ಕೈಗೆ ಕೊಡಿ, ಅವನು ಸುಮ್ನೆ ನಿಲ್ಲುವುದು ಬೇಡ, ಪ್ರಾಣಿಯ ಹಾಗೆ ಉಸಿರಾಡಲಿ, ನುಗ್ಗಲಿ. ನಟನಿಗೆ ನಾಚಿಕೆ ಬಿಡುವುದು ಆಗಲೇ. ಆಮೇಲೆ ಕ್ಯಾಮೆರಾ ಅಲುಗಿಸದೆ ಖಾಲಿ ಜಾಗದ್ದೂ ಒಂದು ಶಾಟ್ ತೆಗೆದಿಡಿ, ಬಿದಿರು ಹಿಡಿದವನನ್ನು ಅಳಿಸಲಿಕ್ಕೆ ಬೇಕಾಗುತ್ತದೆ. ಹಿನ್ನೆಲೆ ಮೊದಲು ತೆಗೆಯಿರಿ, ಅದರ ಬೆಳಕು ನೋಡಿ ನಟನಿಗೆ ಲೈಟು ಇಡಿ. ನಾವು ತಿರುಗಾಮುರುಗಾ ಮಾಡಿದ್ದು. ಕನ್ನಡಿ ಇರುವ ವೇಷ ಆದರೆ ಹಸಿರು ಬಟ್ಟೆಯ ಯೋಚನೆಯೇ ಬೇಡ, ನೇರ ಕಡಲ ಬದಿಗೇ ಹೋಗಿ.

ಉಳಿದ ದುಡ್ಡು ನಟರಿಗೆ, ಲೈಟಿಗೆ, ಊಟಕ್ಕೆ. ಮತ್ತೆ ಎಲ್ಲ ಏಪ್ರಿಲ್ ಒಳಗೆ ಮುಗಿಸಿ. ಜೂನ್‌ನ ಮಳೆಯಲ್ಲಿ ಮಲ್ಪೆಯ ಕಡಲ ಬದಿಯಲ್ಲಿ ಬಾಡಿಗೆ ಕ್ಯಾಮೆರಾ ಹೊರಗೆ ತೆಗೆದರೆ ನಿಮ್ಮ ಡೆಪಾಸಿಟ್ ಹೋಯಿತು ಅಂತಲೇ ಲೆಕ್ಕ.