ಹಳೆಯ ತಂಡಕ್ಕೆ ಹೊಸಬರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಹದಿಹರೆಯದ ಸೂಪರ್‌ಹೀರೊಗಳ ತಂಡಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಹಿಡಿದುಕೊಂಡಿವೆ: ಆಗಲೇ ಬೇರೂರಿದ ತಂಡಕ್ಕೆ ಹೊಸಬರೊಬ್ಬರು ಬಂದು ಸೇರುವ ಕಥೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಬಾರಿಗೆ ಇಟ್ಟು, ಈ ಬಾರಿ ಇದೊಂದಕ್ಕೇ ಪುಟವನ್ನು ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಇಂತಹ ತಂಡಗಳ ಕಥೆಗಳಲ್ಲೆಲ್ಲ ಯಾರಾದರೊಬ್ಬ ಹೊಸಬ ಬಂದೇ ಬರುತ್ತಾನೆ. ಕಥೆಗಾರರಿಗೆ ಬೇರೆ ದಾರಿಯೇ ಇಲ್ಲವೇ?

ಉತ್ತರ: ಬೇರೆ ದಾರಿಗಳಿವೆ, ಆದರೆ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರು ಎಕ್ಸ್-ಮೆನ್ ಕಾಮಿಕ್ಸ್‌ನ ಮೊದಲ ಸಂಚಿಕೆಯನ್ನು ತಂದಾಗ ಓದುಗರ ಪಾಲಿಗೆ ಇಡೀ ತಂಡವೇ ಹೊಸದಾಗಿತ್ತು. ಆದರೂ ಕಥೆಯೊಳಗೆ ನಾಲ್ವರು ಹುಡುಗರು ಪ್ರೊಫೆಸರ್ ಝೇವಿಯರ್ ಅವರ ಶಾಲೆಯಲ್ಲಿ ಆಗಲೇ ಪಳಗಿದ್ದರು. ಜೀನ್ ಗ್ರೇ ಎಂಬ ಹುಡುಗಿ ಅಂದೇ ಹೊಸ ವಿದ್ಯಾರ್ಥಿನಿಯಾಗಿ ಬಂದಿಳಿದಳು. ಹುಡುಗರಲ್ಲಿ ಒಬ್ಬನಾದ ಬೀಸ್ಟ್ ಸಲುಗೆ ತೋರಿಸಿ ಮುತ್ತು ಕೊಡಲು ಮುಂದಾದಾಗ ಅವಳು ಕೈಯನ್ನೂ ಎತ್ತದೆ, ಮನಸ್ಸಿನ ಬಲದಿಂದಲೇ ಅವನನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಾಳೆ. ಅವಳ ಶಕ್ತಿ ಏನು, ಸ್ವಭಾವ ಎಂಥದು, ಆ ಹುಡುಗರು ಎಷ್ಟರ ಮಟ್ಟಿಗೆ ಹುಡುಗರು ಎಂಬ ಮೂರೂ ಸಂಗತಿಗಳು ಆ ಒಂದೇ ಪ್ರಸಂಗದಲ್ಲಿ ನಮಗೆ ತಿಳಿದುಹೋಗುತ್ತವೆ. ಹೊಸಬಳಿಗೆ ಹೇಳಿಕೊಡುವ ನೆಪದಲ್ಲಿ ಓದುಗನಿಗೂ ಹೇಳಿಕೊಟ್ಟಂತಾಗುತ್ತದೆ. ಒಬ್ಬ ಹಳಬ ಇನ್ನೊಬ್ಬ ಹಳಬನಿಗೆ ಇಬ್ಬರಿಗೂ ಗೊತ್ತಿರುವ ವಿಷಯವನ್ನೇ ಅರ್ಧ ಪುಟ ವಿವರಿಸುವ ಕಥೆಗಳನ್ನು ಓದಿ ಬೇಸತ್ತವರಿಗೆ ಇದರ ಬೆಲೆ ಗೊತ್ತು.

ಇದು ಕಥೆಗಾರನ ಅನುಕೂಲದ ಮಾತಾಯಿತು. ಇದಕ್ಕಿಂತ ಮುಖ್ಯವೆಂದು ನನಗೆ ತೋರುವ ಕಾರಣ ಬೇರೆ ಇದೆ. ವರ್ಷಗಟ್ಟಲೆ ಒಟ್ಟಿಗೆ ಇದ್ದವರಿಗೆ ತಮ್ಮ ಅಭ್ಯಾಸಗಳು ಕಾಣುವುದಿಲ್ಲ: ಯಾರ ಮಾತಿಗೆ ಯಾರು ನಗುತ್ತಾರೆ, ಸಿಟ್ಟು ಬಂದವರನ್ನು ಸಮಾಧಾನಪಡಿಸುವ ಹೊಣೆ ಯಾರದು, ಯಾವ ಹೆಸರನ್ನು ಯಾರ ಮುಂದೆ ಎತ್ತಬಾರದು ಎಂಬುದೆಲ್ಲ ಬರೆದಿಡದ ಕಾನೂನಾಗಿರುತ್ತದೆ. ಆ ಕಾನೂನನ್ನು ತಿಳಿಯದೆ ಮುರಿಯುವ ಒಬ್ಬರು ಬಂದಾಗ ಮಾತ್ರ ಅಂಥದೊಂದು ಕಾನೂನು ಇತ್ತೆಂಬುದು ಹಳಬರಿಗೇ ಹೊಳೆಯುತ್ತದೆ. ಎಕ್ಸ್-ಮೆನ್ ಕಾಮಿಕ್ಸ್‌ನ 1980ರ ಜನವರಿಯ ಸಂಚಿಕೆಯಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬೈರ್ನ್ ಪರಿಚಯಿಸಿದ ಕಿಟ್ಟಿ ಪ್ರೈಡ್‌ಗೆ ಹದಿಮೂರೂವರೆ ವರ್ಷ. ಗೋಡೆಯ ಮೂಲಕ ದಾಟಿಹೋಗುವುದೊಂದೇ ಅವಳ ಶಕ್ತಿ. ಅದೇ ವರ್ಷದ ನವೆಂಬರ್ ಸಂಚಿಕೆಯ ಮುಖಪುಟ ಅವಳನ್ನು ತಂಡಕ್ಕೆ ಸ್ವಾಗತಿಸುತ್ತಲೇ, ಇಲ್ಲಿ ಜೀವ ಉಳಿಸಿಕೊಂಡರೆ ಸಾಕು ಎಂಬ ಹಾರೈಕೆಯನ್ನೂ ಸೇರಿಸಿತ್ತು. ಅವಳು ಬರುವವರೆಗೆ ಸೈನಿಕರ ತುಕಡಿಯಂತಿದ್ದ ತಂಡ ಅವಳು ಬಂದ ಮೇಲೆ ಮನೆಯಂತಾಯಿತು. ಮನೆಯಲ್ಲಿ ಮಗುವೊಂದು ಇರುವಾಗ ದೊಡ್ಡವರು ಮಾತನ್ನು ಅಳೆದು ಆಡುವಂತೆ ಅವರೂ ಆಡತೊಡಗಿದರು.

ಪ್ರಶ್ನೆ: ಟೀನ್ ಟೈಟನ್ಸ್ ತಂಡಕ್ಕೆ ಬಂದ ಟೆರಾ ಕೊನೆಗೆ ದ್ರೋಹ ಬಗೆದಳು. ಇದು ಮೊದಲೇ ಯೋಚಿಸಿದ್ದೋ, ಅಥವಾ ಕಥೆ ಬೆಳೆದಂತೆ ಹೊಳೆದದ್ದೋ?

ಉತ್ತರ: ಮೊದಲೇ ಯೋಚಿಸಿದ್ದು. ಲೇಖಕ ಮಾರ್ವ್ ವುಲ್ಫ್‌ಮನ್ ಮತ್ತು ಚಿತ್ರಕಾರ ಜಾರ್ಜ್ ಪೆರೆಜ್ ಅವಳನ್ನು ರೂಪಿಸುವಾಗಲೇ ಅವಳ ಅಂತ್ಯವನ್ನು ನಿಶ್ಚಯಿಸಿಕೊಂಡಿದ್ದರು. 1982ರ ಕೊನೆಯಲ್ಲಿ 26ನೆಯ ಸಂಚಿಕೆಯಲ್ಲಿ ಅವಳು ಕಾಣಿಸಿಕೊಂಡಾಗ ಓದುಗರ ಕಣ್ಣಿಗೆ ಬಿದ್ದದ್ದು ಮುಂಗೋಪದ, ಉಬ್ಬುಹಲ್ಲಿನ, ಮಣ್ಣುಕಲ್ಲುಗಳನ್ನು ಹೇಳಿದಂತೆ ಕುಣಿಸಬಲ್ಲ ಒಬ್ಬ ಸಾಮಾನ್ಯ ಹುಡುಗಿ. ಕಿಟ್ಟಿಯನ್ನು ಆಗಲೇ ಮನಸ್ಸಿಗೆ ಹಚ್ಚಿಕೊಂಡಿದ್ದ ಓದುಗರು ಇವಳೂ ಅಂಥವಳೇ ಎಂದುಕೊಳ್ಳುವುದು ಸಹಜವಾಗಿತ್ತು. ಆ ನಂಬಿಕೆಯ ಮೇಲೆಯೇ ಇಡೀ ಕಥೆಯನ್ನು ಕಟ್ಟಲಾಗಿದೆ.

ಕಥೆಗಾರಿಕೆಯಲ್ಲಿ ಆಸಕ್ತಿ ಇರುವವರು ಗಮನಿಸಬೇಕಾದ ಸಂಗತಿ ಒಂದಿದೆ. ಗುಟ್ಟನ್ನು ಕೊನೆಯ ಪುಟದವರೆಗೆ ಬಚ್ಚಿಡದೆ, 34ನೆಯ ಸಂಚಿಕೆಯಲ್ಲೇ ಓದುಗರಿಗೆ ತಿಳಿಸಿಬಿಟ್ಟರು: ಅವಳು ತಂಡದ ಶತ್ರು ಡೆತ್‌ಸ್ಟ್ರೋಕ್‌ನ ಕಡೆಯವಳು. ಅಲ್ಲಿಂದ 1984ರ ಮಧ್ಯದಲ್ಲಿ ಎಲ್ಲವೂ ಹೊರಬೀಳುವವರೆಗೆ ನಮಗೆ ಗೊತ್ತು, ತಂಡಕ್ಕೆ ಗೊತ್ತಿಲ್ಲ. ಅವಳು ಕಣ್ಣಿಗೆ ಹಾಕಿಕೊಂಡ ಲೆನ್ಸ್‌ನಲ್ಲಿ ಕ್ಯಾಮೆರಾ ಇರುತ್ತದೆ. ಗೆಳೆಯರು ಮುಖವಾಡ ಕಳಚಿಟ್ಟು ಅವಳೆದುರು ಹರಟುತ್ತಿರುವಾಗ, ಅವಳು ಸುಮ್ಮನೆ ಅವರ ಮುಖ ನೋಡುತ್ತಿದ್ದಾಳೆ ಎಂಬ ಅತಿ ಸಾಧಾರಣ ಚಿತ್ರವೇ ಆಗ ಎದೆ ನಡುಗಿಸುತ್ತದೆ. ಹೊಸಬಳಿಗೆ ತೋರಿದ ಪ್ರೀತಿಯೇ ಇಲ್ಲಿ ತಂಡವನ್ನು ಹಿಡಿದುಹಾಕುವ ಬಲೆ.

ಟೀನ್ ಟೈಟನ್ಸ್ ಆ್ಯನಿಮೇಷನ್ ಸರಣಿಯಲ್ಲಿ 2004ರಲ್ಲಿ ಬಂದ ಟೆರಾ ಬೇರೆಯೇ ಹುಡುಗಿ. ನನಗೆ ಅವಳೇ ಹೆಚ್ಚು ಇಷ್ಟ ಎಂದು ಹೇಳಿದರೆ ಹಳೆಯ ಅಭಿಮಾನಿಗಳು ಮುನಿಸಿಕೊಂಡಾರು. ಅವಳಿಗೆ ತನ್ನ ಶಕ್ತಿಯ ಮೇಲೆ ಹಿಡಿತವಿಲ್ಲ, ಅದನ್ನು ಯಾರಿಗೂ ಹೇಳಬೇಡವೆಂದು ತಂಡದ ಗೆಳೆಯ ಬೀಸ್ಟ್ ಬಾಯ್‌ನಿಂದ ಮಾತು ತೆಗೆದುಕೊಂಡಿರುತ್ತಾಳೆ. ಅವನು ಯಾರಿಗೂ ಹೇಳುವುದಿಲ್ಲ. ನಾಯಕನಾದ ರಾಬಿನ್ ತಾನಾಗಿಯೇ ಅದನ್ನು ಕಂಡುಕೊಂಡು, ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ ಆ ಮಾತನ್ನು ಎತ್ತುತ್ತಾನೆ. ಗೆಳೆಯ ಮಾತು ಮುರಿದನೆಂದು ತಪ್ಪು ತಿಳಿದ ಅವಳು ಅಲ್ಲಿಂದ ಹೊರಟುಹೋಗುತ್ತಾಳೆ. ಯಾರೂ ಕೆಟ್ಟವರಲ್ಲದ ಆ ಒಂದು ನಿಮಿಷದಿಂದ ಮುಂದಿನ ಕೆಡುಕೆಲ್ಲ ಹುಟ್ಟುತ್ತದೆ.

ಪ್ರಶ್ನೆ: ತಂಡಕ್ಕೆ ಸೇರುವವರಿಗೆ ಪರೀಕ್ಷೆ ಇರಲೇಬೇಕೇ?

ಉತ್ತರ: ಇರಲೇಬೇಕೆಂದಿಲ್ಲ, ಆದರೆ ಸಂಪ್ರದಾಯ ಹಳೆಯದು. 1958ರಲ್ಲಿ ಲೀಜನ್ ಆಫ್ ಸೂಪರ್‌ಹೀರೋಸ್ ತಂಡ ಮೊದಲು ಕಾಣಿಸಿಕೊಂಡ ಕಥೆಯೇ ಅಂಥದು. ಭವಿಷ್ಯದಿಂದ ಬಂದ ಮೂವರು ಹದಿಹರೆಯದವರು ಸೂಪರ್‌ಬಾಯ್‌ನನ್ನು ತಮ್ಮ ಕಾಲಕ್ಕೆ ಕರೆದೊಯ್ದು, ಸ್ಪರ್ಧೆಗಳಲ್ಲಿ ಅವನು ಸೋಲುವಂತೆ ಮಾಡಿ, ಸಾಲದೆಂಬಂತೆ ಮೇಲೆ ನಗುತ್ತಾರೆ. ಸೋಲನ್ನು ಅವನು ಹೇಗೆ ತೆಗೆದುಕೊಳ್ಳುತ್ತಾನೆಂಬುದೇ ನಿಜವಾದ ಪರೀಕ್ಷೆಯಾಗಿತ್ತೆಂದು ಆಮೇಲೆ ತಿಳಿಯುತ್ತದೆ. ಇಂದು ಓದಿದರೆ ಅದು ಹಾಸ್ಟೆಲಿನ ರ‍್ಯಾಗಿಂಗ್‌ನಂತೆ ಕಾಣುತ್ತದೆ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಅದೇ ತಂಡದ ಮಟ್ಟಿಗೆ ನನಗೆ ಹೆಚ್ಚು ಹಿಡಿಸಿದ್ದು, ಆಯ್ಕೆಯಾಗದೆ ಹಿಂದಿರುಗಿದ ಐವರು ಮನೆಗೆ ಹೋಗದೆ ತಾವೇ ಒಂದು ಬದಲಿ ತಂಡವನ್ನು ಕಟ್ಟಿಕೊಂಡ 1963ರ ಕಥೆ. ಅವರಲ್ಲಿ ಒಬ್ಬನ ಶಕ್ತಿ ಕಲ್ಲಾಗಿ ಅಲುಗಾಡದೆ ನಿಲ್ಲುವುದು, ಅಷ್ಟೇ.

ಪ್ರಶ್ನೆ: ನಾನು ಬರೆಯುತ್ತಿರುವ ಕಥೆಯಲ್ಲಿ ಐವರ ತಂಡವಿದೆ. ಮೂರು ಕಥೆಗಳ ನಂತರ ಆರನೆಯವಳನ್ನು ತಂದೆ. ಸುತ್ತಲಿನ ಶಬ್ದವನ್ನೆಲ್ಲ ಅಡಗಿಸುವುದು ಅವಳ ಶಕ್ತಿ. ಹಸ್ತಪ್ರತಿ ಓದಿದ ಗೆಳೆಯರಿಗೆ ಅವಳು ಸ್ವಲ್ಪವೂ ಇಷ್ಟವಾಗಲಿಲ್ಲ. ಅವಳು ಎಲ್ಲರಿಗಿಂತ ಬುದ್ಧಿವಂತೆ, ಧೈರ್ಯವಂತೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯಕ್ಕಿಂತ ಹಿಂದಿನ ವಾಕ್ಯದಲ್ಲೇ ತಪ್ಪಿದೆ ಎಂದು ಹೇಳಿದರೆ ನೊಂದುಕೊಳ್ಳಬೇಡಿ; ಅವಳು ಬುದ್ಧಿವಂತೆ, ಧೈರ್ಯವಂತೆ ಎಂದು ನೀವೇ ಬರೆದಿದ್ದೀರಿ, ಓದುಗರಿಗೆ ಅದನ್ನು ಕಂಡುಕೊಳ್ಳಲು ಏನನ್ನೂ ಬಿಟ್ಟಿಲ್ಲ. ನೀವು ಕಳಿಸಿದ ಅಧ್ಯಾಯದಲ್ಲಿ ಅವಳು ಬಂದ ಮೊದಲ ರಾತ್ರಿಯೇ ಐವರಿಗೂ ಆಗದ ಕೆಲಸವನ್ನು ಒಬ್ಬಳೇ ಮಾಡಿ ಮುಗಿಸುತ್ತಾಳೆ, ಮರುದಿನ ಐವರೂ ಅವಳನ್ನು ಹೊಗಳುತ್ತಾರೆ. ಮೂರು ಕಥೆಗಳುದ್ದಕ್ಕೂ ಪೆಟ್ಟು ತಿಂದು ಒಬ್ಬರನ್ನೊಬ್ಬರು ನಂಬಲು ಕಲಿತವರನ್ನು ಒಂದೇ ರಾತ್ರಿಯಲ್ಲಿ ದಡ್ಡರನ್ನಾಗಿ ಮಾಡಿದರೆ, ಅವರನ್ನು ಮೆಚ್ಚಿಕೊಂಡಿದ್ದ ಓದುಗನಿಗೆ ಅದು ತನಗೇ ಆದ ಅವಮಾನದಂತೆ ತೋರುತ್ತದೆ. ಅವನ ಸಿಟ್ಟು ಹುಡುಗಿಯ ಮೇಲೆ ತಿರುಗುತ್ತದೆ, ನಿಮ್ಮ ಮೇಲಲ್ಲ. ಪಾಪ, ಅವಳದೇನೂ ತಪ್ಪಿಲ್ಲ.

ನಿಮ್ಮ ಕೈಯಲ್ಲಿ ಒಳ್ಳೆಯ ಸಾಮಗ್ರಿ ಇದೆ, ನೀವು ಅದನ್ನು ಬಳಸಿಲ್ಲ. ಮೊದಲ ಮೂರು ಕಥೆಗಳಲ್ಲಿ ನಿಮ್ಮ ಐವರು ಕಾದಾಡುವುದು ಕೂಗಿನ ಮೇಲೆ: ‘ಎಡಕ್ಕೆ’, ‘ಬಗ್ಗು’, ‘ನಾನಿದ್ದೇನೆ’ ಎಂದು ಒಬ್ಬರಿಗೊಬ್ಬರು ಕೂಗಿ ಹೇಳುತ್ತಲೇ ಅವರು ಗೆಲ್ಲುತ್ತಾರೆ. ಶಬ್ದವನ್ನು ಅಡಗಿಸುವವಳು ಅಂಥ ತಂಡಕ್ಕೆ ಬಂದರೆ ಮೊದಲು ಆಗಬೇಕಾದದ್ದೇನು? ಅವಳು ಶತ್ರುವಿನ ಆಯುಧವನ್ನು ಮೂಕಗೊಳಿಸಿದ ಕ್ಷಣವೇ ತನ್ನವರ ಕೂಗೂ ಸತ್ತುಹೋಗಬೇಕು. ಎಡಕ್ಕೆ ಹೋಗಬೇಕಾದವನು ಬಲಕ್ಕೆ ಹೋಗಬೇಕು, ಬಾಯಿ ತೆರೆದು ಕೂಗಿದವಳ ದನಿ ಯಾರಿಗೂ ಮುಟ್ಟದೆ ಒಬ್ಬನಿಗೆ ಗಾಯವಾಗಬೇಕು. ಅವಳ ಲೆಕ್ಕದಲ್ಲಿ ಅವಳು ಮಾಡಿದ್ದು ಸರಿ, ತಂಡದ ಲೆಕ್ಕದಲ್ಲಿ ಅದು ಅನಾಹುತ. ಆ ರಾತ್ರಿ ಯಾರೂ ಅವಳನ್ನು ಬೈಯುವುದು ಬೇಡ. ಗಾಯಗೊಂಡವನ ಹಾಸಿಗೆಯ ಸುತ್ತ ಐವರೂ ಸೇರಿರಲಿ, ಅವಳು ಬಾಗಿಲ ಹತ್ತಿರ ನಿಂತಿರಲಿ, ಒಳಗೆ ಬಾ ಎನ್ನುವುದು ಒಬ್ಬರಿಗೂ ನೆನಪಾಗದಿರಲಿ. ಆಮೇಲೆ ತಂಡ ಕೈಸನ್ನೆಗಳನ್ನು ಕಲಿಯಬೇಕಾಗುತ್ತದೆ. ಅದನ್ನು ಕಲಿಸುವವಳು ಅವಳೇ ಆಗಬಹುದು, ಏಕೆಂದರೆ ಮೌನದಲ್ಲಿ ಬದುಕಿ ಅಭ್ಯಾಸವಿರುವವಳು ಅವಳೊಬ್ಬಳೇ. ಇಲ್ಲಿ ಹೊಸಬಳು ಹೊಂದಿಕೊಳ್ಳುವಷ್ಟೇ ಹಳಬರೂ ಹೊಂದಿಕೊಳ್ಳುತ್ತಾರೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ, ತಪ್ಪು ಸನ್ನೆ ಮಾಡಿ ಒಬ್ಬರನ್ನೊಬ್ಬರು ಛೇಡಿಸುತ್ತ.

ಮೊದಲ ಸಾಹಸದಲ್ಲೇ ಅವಳಿಗೆ ಒಂದು ಗೆಲುವನ್ನು ಕೊಡಲೇಬೇಕೆಂದಿದ್ದರೆ, ಅವಳು ಒಬ್ಬಳೇ ಇರುವಾಗ ಕೊಡಿ. ಕಿಟ್ಟಿ ಪ್ರೈಡ್‌ಗೆ ಅದು ದೊರೆತದ್ದು ಹಾಗೆಯೇ. 1981ರ ಮಾರ್ಚ್ ಸಂಚಿಕೆಯಲ್ಲಿ, ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಎಲ್ಲರೂ ಹೊರಗೆ ಹೋಗಿರುವಾಗ ಆ ದೊಡ್ಡ ಮನೆಗೆ ರಾಕ್ಷಸನೊಬ್ಬ ನುಗ್ಗುತ್ತಾನೆ. ಅವಳು ಅವನನ್ನು ಕೋಣೆಯಿಂದ ಕೋಣೆಗೆ ಓಡಿಸಿಕೊಂಡು ಹೋಗಿ, ಕೊನೆಗೆ ತಂಡದ ಜೆಟ್ ವಿಮಾನದ ಹಿಂದಕ್ಕೆ ಸೆಳೆದು, ಎಂಜಿನ್‌ನ ಬೆಂಕಿಯಿಂದ ಸುಡುತ್ತಾಳೆ. ಅಲ್ಲಿ ಹಳಬರಲ್ಲಿ ಒಬ್ಬರೂ ಇರಲಿಲ್ಲ, ಆದ್ದರಿಂದ ಒಬ್ಬರೂ ಸಣ್ಣವರಾಗಲಿಲ್ಲ.

ಪ್ರಶ್ನೆ: ಹೊಡೆದಾಟಕ್ಕೆ ಬಾರದ ಶಕ್ತಿ ಇರುವವರನ್ನು ಇಂಥ ತಂಡಕ್ಕೆ ಸೇರಿಸಿದರೆ ಓದುಗರು ಒಪ್ಪುತ್ತಾರೆಯೇ?

ಉತ್ತರ: ಒಪ್ಪುತ್ತಾರೆ, ಆದರೆ ಅವರಿಲ್ಲದೆ ನಡೆಯದ ಕೆಲಸವೊಂದು ಮೊದಲ ದಿನವೇ ಇರಬೇಕು. ನ್ಯೂ ಮ್ಯೂಟೆಂಟ್ಸ್ ತಂಡಕ್ಕೆ ಡಗ್ ರ‍್ಯಾಮ್ಸಿ ಬಂದದ್ದು ಯಾವ ಭಾಷೆಯನ್ನಾದರೂ ಅರ್ಥಮಾಡಿಕೊಳ್ಳುವ ಶಕ್ತಿಯೊಂದಿಗೆ. ಆಗಷ್ಟೇ ಬೇರೆ ಲೋಕದಿಂದ ಬಿದ್ದಿದ್ದ ವಾರ್‌ಲಾಕ್ ಎಂಬ ಜೀವಿಯ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಅದಕ್ಕಾಗಿಯೇ ಅವನನ್ನು ಕರೆಸಿದರು. ಹೊಡೆದಾಟದಲ್ಲಿ ಅವನಿಗೆ ಹೊರಗಿನವನೆಂಬ ಅಳುಕು ಕೊನೆಯವರೆಗೂ ಹೋಗಲಿಲ್ಲ, ಅದನ್ನು ಲೇಖಕರು ಮುಚ್ಚಿಡಲೂ ಇಲ್ಲ. 1988ರಲ್ಲಿ, 60ನೆಯ ಸಂಚಿಕೆಯಲ್ಲಿ, ಗೆಳತಿಯ ಕಡೆಗೆ ಬಂದ ಗುಂಡಿಗೆ ಎದೆಯೊಡ್ಡಿ ಅವನು ಸತ್ತ.

ಪ್ರಶ್ನೆ: ಹೊಸಬರು ತಂಡದಲ್ಲಿ ಹಳಬರಾಗುವುದು ಯಾವಾಗ?

ಉತ್ತರ: ಸಾಮಾನ್ಯವಾಗಿ, ಅವರ ನಂತರ ಇನ್ನೊಬ್ಬರು ಬಂದಾಗ. 1983ರಲ್ಲಿ ರೋಗ್ ಎಂಬ ಯುವತಿ ಎಕ್ಸ್-ಮೆನ್ ಬಾಗಿಲಿಗೆ ಬಂದಳು. ಮುಟ್ಟಿದವರ ಶಕ್ತಿಯನ್ನೂ ನೆನಪನ್ನೂ ಹೀರಿಕೊಳ್ಳುವ ಅವಳು ಎರಡು ವರ್ಷಗಳ ಹಿಂದಿನ ಕಥೆಯಲ್ಲಿ ತಂಡದ ಆತ್ಮೀಯಳಾದ ಕ್ಯಾರೊಲ್ ಡ್ಯಾನ್‌ವರ್ಸ್‌ಳ ಬದುಕನ್ನೇ ಬರಿದು ಮಾಡಿದ್ದಳು. ತನ್ನ ಶಕ್ತಿ ತನ್ನ ಮಾತು ಕೇಳುತ್ತಿಲ್ಲ, ಸಹಾಯ ಬೇಕು ಎಂದು ಅವಳು ಕೇಳಿಕೊಂಡಾಗ ಪ್ರೊಫೆಸರ್ ಒಪ್ಪಿದರು, ಶಿಷ್ಯರು ತಂಡವನ್ನೇ ಬಿಟ್ಟುಹೋಗುವ ಮಾತಾಡಿದರು. ಮೂರು ವರ್ಷಗಳ ಹಿಂದೆ ಹೊಸಬಳಾಗಿ ಬಂದಿದ್ದ ಕಿಟ್ಟಿಯೂ ಆಗ ಆ ತಂಡದಲ್ಲಿದ್ದಳು.

ಆ ಬಿಗುವು ಸಡಿಲವಾದದ್ದು ಚರ್ಚೆಯಿಂದಲ್ಲ. ಎರಡು ಸಂಚಿಕೆಗಳ ನಂತರ ಜಪಾನಿನಲ್ಲಿ, ತಂಡದ ಹಳಬ ವೊಲ್ವರಿನ್ ಮದುವೆಯಾಗಲಿದ್ದ ಮಾರಿಕೊಳ ಮೇಲೆ ಬಂದ ಹೊಡೆತಕ್ಕೆ ರೋಗ್ ಅಡ್ಡ ನಿಂತು ಸಾಯುವ ಸ್ಥಿತಿಗೆ ತಲುಪುತ್ತಾಳೆ. ಅಲ್ಲಿಯವರೆಗೆ ಅವಳನ್ನು ನಂಬದಿದ್ದ ವೊಲ್ವರಿನ್ ಅವಳನ್ನು ಎತ್ತಿಕೊಂಡು, ತನ್ನ ಗಾಯ ಮಾಯಿಸುವ ಶಕ್ತಿ ಅವಳಿಗೆ ಹರಿಯಲೆಂದು, ಆ ಸ್ಪರ್ಶ ತನ್ನನ್ನು ಏನು ಮಾಡುತ್ತದೆಂದು ಚೆನ್ನಾಗಿ ತಿಳಿದೇ, ಅವಳಿಗೆ ಮುತ್ತಿಡುತ್ತಾನೆ.