ಲೇಸರ್‌ನಲ್ಲಿ ಕತ್ತರಿಸಿದ ಗೇರ್‌ಗಳು ಯಾಕೆ ಸಿಕ್ಕಿಕೊಳ್ಳುತ್ತವೆ?

ಪ್ರಾಜೆಕ್ಟ್‌ಗೆ 3 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಗೇರ್ ಕತ್ತರಿಸಿದ್ದೀರಿ, ಸಲೀಸಾಗಿ ತಿರುಗುತ್ತಿಲ್ಲ, ಅಲ್ವಾ? ಮೊದಲು ಲೆಕ್ಕ ನೋಡಿ. ಜೋಡಿ ಗೇರ್ ಎರಡಕ್ಕೂ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಒಂದೇ ಇರಬೇಕು. ಮಾಡ್ಯೂಲನ್ನು ಹಲ್ಲಿನ ಸಂಖ್ಯೆಯಿಂದ ಗುಣಿಸಿದರೆ ಪಿಚ್ ವ್ಯಾಸ, ಅಂದರೆ ಎರಡು ಗೇರ್‌ಗಳ ಹಲ್ಲು ಕೂಡುವ ವೃತ್ತದ ವ್ಯಾಸ, ಸಿಗುತ್ತದೆ. ಮಾಡ್ಯೂಲ್ 2, ಹಲ್ಲು 18 ಮತ್ತು 54 ಅಂದರೆ ಪಿಚ್ ವ್ಯಾಸ 36 ಮತ್ತು 108 ಮಿ.ಮೀ. ಕೂಡಿಸಿ ಅರ್ಧ ಮಾಡಿ: 72 ಮಿ.ಮೀ. ಶಾಫ್ಟ್‌ಗಳ ನಡುವೆ ಇಷ್ಟು ದೂರ ಬೇಕು.

ಲೆಕ್ಕ ಸರಿ ಇದ್ದರೂ ಕೈಕೊಡುವುದು ಲೇಸರ್ ಕಿರಣದ ಅಗಲ. ಅದು ಹೋದ ದಾರಿಯಲ್ಲಿ ಸುಮಾರು 0.1–0.2 ಮಿ.ಮೀ. ಸುಟ್ಟುಹೋಗುತ್ತದೆ. ಹಲ್ಲು ತೆಳುವಾಗುತ್ತದೆ, ಶಾಫ್ಟಿನ ತೂತು ದೊಡ್ಡದಾಗುತ್ತದೆ. ಗೇರ್ ಓಲಾಡಿ ಸಿಕ್ಕಿಕೊಳ್ಳುತ್ತದೆ.

ಸುಮ್ನೆ ಪೂರ್ತಿ ಹಾಳೆ ಕತ್ತರಿಸಬೇಡಿ. ಒಂದು ಚೂರಿನಲ್ಲಿ 5.7, 5.8, 5.9 ಮಿ.ಮೀ. ತೂತು ಹಾಕಿಸಿ, 6 ಮಿ.ಮೀ. ಸರಳು ತೂರಿಸಿ. ಹೆಬ್ಬೆರಳಲ್ಲಿ ಒತ್ತಿದಾಗ ಬಿಗಿಯಾಗಿ ಕೂರುವ ಅಳತೆಯನ್ನೇ ಗೇರ್‌ಗೂ ಹಾಕಿ.